ಉಳಿಸಿದ ಯೂನಿಟ್ಟಿಗೆ ಬೆಲೆ ಎಷ್ಟು? ಮನೆಯ ಇಂಧನ ದಕ್ಷತೆ, ಸಹಾಯಧನ ಮತ್ತು ತೆರಿಗೆ

(ಬೆಂಗಳೂರಿನ ನಿವಾಸಿಗಳ ಸಂಘವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಇಂಧನ ಉಳಿತಾಯಕ್ಕಾಗಿ ಮನೆಯನ್ನು ಸುಧಾರಿಸಿಕೊಳ್ಳುವವರಿಗೆ ಸರ್ಕಾರದಿಂದ ಏನೇನು ಸಿಗುತ್ತದೆ ಎಂಬುದನ್ನು ತಿಳಿಸಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿಕೊಂಡಿದ್ದರು. ಸಿಗುವ ಸವಲತ್ತುಗಳನ್ನು ಬರೀ ಓದಿ ಹೇಳುವುದಾದರೆ ಹತ್ತು ನಿಮಿಷ ಸಾಕು. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಮಾತ್ರ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ತಾರಸಿಯ ಮೇಲೆ ವಿದ್ಯುತ್ ಉತ್ಪಾದಿಸುವವರಿಗೆ ಧಾರಾಳವಾದ ನೆರವಿದೆ. ಅದೇ ತಾರಸಿಯ ಕೆಳಗೆ, ಮನೆಯೊಳಗೆ, ವಿದ್ಯುತ್ತನ್ನು ಉಳಿಸುವವರಿಗೆ ಬಹುಮಟ್ಟಿಗೆ ಏನೂ ಇಲ್ಲ. ಈ ಅಸಮತೋಲ ಹೇಗೆ ಬಂತು, ಅದರ ನಡುವೆ ಮನೆಯ ಮಾಲೀಕರು ತಮ್ಮ ಹಣವನ್ನು ಎಲ್ಲಿ ಹಾಕುವುದು ಲೇಸು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ಬೆಂಗಳೂರಿನ ಹಳೆಯ ಅನುಭವವೊಂದನ್ನು ನೋಡೋಣ. ಸೋಲಾರ್ ವಾಟರ್ ಹೀಟರ್ ಅಳವಡಿಸಿ ಬಳಸುವ ಮನೆಗಳಿಗೆ ಬಳಸಿದ ಪ್ರತಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿವರೆಗೆ, ಬಿಲ್ಲಿನಲ್ಲಿ ರಿಯಾಯಿತಿ ಕೊಡುವ ಏರ್ಪಾಡು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳಲ್ಲಿ ಬಹಳ ವರ್ಷಗಳಿಂದ ಬಂದಿದೆ. ನಗರದ ತಾರಸಿಗಳ ಮೇಲೆ ಇಷ್ಟೊಂದು ಹೀಟರುಗಳು ಕಾಣುವುದಕ್ಕೆ ಈ ರಿಯಾಯಿತಿಯೇ ಕಾರಣವೆಂದು ಹಲವರು ತಿಳಿದಿದ್ದಾರೆ. ಲೆಕ್ಕ ಹಾಕಿದರೆ ಹಾಗೆ ತೋರುವುದಿಲ್ಲ. ದಿನಕ್ಕೆ ನೂರು ಲೀಟರ್ ನೀರು ಕಾಯಿಸುವ ಹೀಟರ್ ವರ್ಷಕ್ಕೆ ಸುಮಾರು 1,500 ಯೂನಿಟ್ ಉಳಿಸಬಲ್ಲದು ಎಂಬುದು ಬಳಕೆಯಲ್ಲಿರುವ ಅಂದಾಜು. ಈಗಿನ ದರದಲ್ಲಿ ಅದು ಒಂಬತ್ತು ಸಾವಿರ ರೂಪಾಯಿಯ ಹತ್ತಿರ ಬರುತ್ತದೆ. ರಿಯಾಯಿತಿಯೋ ವರ್ಷಪೂರ್ತಿ ಸಿಕ್ಕರೂ ಆರುನೂರು. ಒಂಬತ್ತು ಸಾವಿರದ ಉಳಿತಾಯಕ್ಕೆ ಮನಸ್ಸು ಮಾಡದವರು ಆರುನೂರಕ್ಕೆ ಮನಸ್ಸು ಮಾಡುತ್ತಾರೆಯೇ? ನಿಜವಾದ ಒತ್ತಡ ಬಂದದ್ದು ಬೇರೆ ಕಡೆಯಿಂದ. 2007ರ ಸುಮಾರಿಗೆ ಹೊಸ ಮನೆಗಳಿಗೆ, ಅಂದರೆ ಮೂವತ್ತು-ನಲವತ್ತರ ಸೈಟು ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಲ್ಲಿ ಕಟ್ಟುವವುಗಳಿಗೆ, ಸೋಲಾರ್ ಹೀಟರ್ ಕಡ್ಡಾಯವಾಯಿತು. ಅದಿಲ್ಲದೆ ವಿದ್ಯುತ್ ಸಂಪರ್ಕ ಸಿಗುವುದು ಕಷ್ಟವಾಯಿತು. ಮನೆ ಕಟ್ಟುವಾಗಲೇ ಹಾಕಿದರೆ ಪೈಪಿನ ಕೆಲಸ ಅಗ್ಗ, ಖರ್ಚು ಮನೆಸಾಲದಲ್ಲೇ ಸೇರಿಹೋಗುತ್ತದೆ, ಊರಿನಲ್ಲೇ ತಯಾರಕರಿದ್ದರು, ದುರಸ್ತಿ ಮಾಡುವವರೂ ಇದ್ದರು. ಐವತ್ತು ರೂಪಾಯಿ ಇವೆಲ್ಲಕ್ಕೆ ಒಂದು ಮುದ್ರೆ ಒತ್ತಿತು, ಅಷ್ಟೇ. ಅದೇ ನಿಯಮದ ಬಲಹೀನತೆಯೂ ಇಲ್ಲೇ ಇದೆ. ಸಂಪರ್ಕಕ್ಕಾಗಿ ಹಾಕಿಸಿದ ಹೀಟರು ಬೋರ್‌ವೆಲ್ಲಿನ ಗಡಸು ನೀರಿಗೆ ಒಳಗೆಲ್ಲ ಉಪ್ಪು ಕಟ್ಟಿ ನಿಂತುಹೋದರೆ, ಬಚ್ಚಲಿಗೆ ಗೀಸರ್ ಸದ್ದಿಲ್ಲದೆ ಮರಳುತ್ತದೆ. ‘ಅಳವಡಿಸಿ ಬಳಸಿದರೆ’ ಎಂದು ಆದೇಶ ಹೇಳುತ್ತದೆ. ಅಳವಡಿಸಿದ್ದನ್ನು ನೋಡಬಹುದು, ಬಳಸುವುದನ್ನು ಮೀಟರ್ ಓದಲು ಬರುವವರು ಹೇಗೆ ನೋಡಿಯಾರು?

ಈಗ ಎಲ್ಲರ ಬಾಯಲ್ಲಿರುವ, ತಾರಸಿಯ ಮೇಲೆ ಸೌರ ಫಲಕ ಹಾಕಿಸಿಕೊಳ್ಳುವ ಮನೆಗಳಿಗೆ ಸಹಾಯಧನ ಕೊಡುವ ಪಿಎಂ ಸೂರ್ಯ ಘರ್ ಯೋಜನೆಗೆ ಬರುತ್ತೇನೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಯ ಗಾತ್ರ 75,021 ಕೋಟಿ ರೂಪಾಯಿ. ಗುರಿ ಒಂದು ಕೋಟಿ ಮನೆಗಳು. ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ತಲಾ 30,000 ರೂಪಾಯಿ, ಮೂರನೆಯ ಕಿಲೋವ್ಯಾಟ್‌ಗೆ 18,000 ರೂಪಾಯಿ. ಅಲ್ಲಿಂದ ಮುಂದೆ ಎಷ್ಟೇ ದೊಡ್ಡ ಘಟಕ ಹಾಕಿದರೂ ಒಟ್ಟು ಸಹಾಯಧನ 78,000 ರೂಪಾಯಿ ದಾಟುವುದಿಲ್ಲ. ಅಪಾರ್ಟ್‌ಮೆಂಟ್ ಸಂಘಗಳು ಲಿಫ್ಟ್, ಪಂಪು, ಮೆಟ್ಟಿಲ ದೀಪ, ವಾಹನ ಚಾರ್ಜಿಂಗ್‌ನಂತಹ ಸಾಮಾನ್ಯ ಬಳಕೆಗೆ ಹಾಕಿಸಿಕೊಂಡರೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಿಗುತ್ತದೆ. ಭಾರತದಲ್ಲೇ ತಯಾರಾದ ಕೋಶ ಮತ್ತು ಫಲಕಗಳನ್ನು ಬಳಸಬೇಕು, ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಬೇಕು, ಅರ್ಜಿ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹೋಗಬೇಕು. ಎಸ್ಕಾಂ, ಅಂದರೆ ವಿದ್ಯುತ್ ಸರಬರಾಜು ಕಂಪನಿ, ಪರಿಶೀಲಿಸಿ ನೆಟ್ ಮೀಟರ್ (ಪಡೆದ ಮತ್ತು ಮರಳಿ ಕೊಟ್ಟ ವಿದ್ಯುತ್ ಎರಡನ್ನೂ ಅಳೆಯುವ ಮೀಟರ್) ಕೂರಿಸಿದ ಮೇಲೆ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಬರುವುದು ಆಮೇಲೆ ಎಂಬುದನ್ನು ಗಮನದಲ್ಲಿಡಬೇಕು: ಮೊದಲು ಪೂರ್ತಿ ಹಣವನ್ನು ನೀವು ಕಟ್ಟಬೇಕು, ಇಲ್ಲವೇ ಯೋಜನೆಯಡಿ ಸಿಗುವ ಅಡಮಾನವಿಲ್ಲದ ಸಾಲವನ್ನು ತೆಗೆದುಕೊಳ್ಳಬೇಕು.

ಇದು ಲಾಭದಾಯಕವೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಬಳಕೆಯಲ್ಲಿದೆ, ಮಾರಾಟಗಾರನ ಕರಪತ್ರದಲ್ಲಿಲ್ಲ. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ತಿಂಗಳಿಗೆ ಸುಮಾರು 120 ಯೂನಿಟ್ ಕೊಡುತ್ತದೆ. ಅದಕ್ಕೆ ನೆರಳಿಲ್ಲದ ನೂರು ಚದರ ಅಡಿ ಜಾಗ ಬೇಕು. ಮೂರು ಕಿಲೋವ್ಯಾಟ್ ಘಟಕಕ್ಕೆ ಎರಡು ಲಕ್ಷ ಖರ್ಚಾಯಿತು ಎಂದುಕೊಂಡರೆ, ಸಹಾಯಧನ ಕಳೆದು ನಿಮ್ಮ ಪಾಲು 1.22 ಲಕ್ಷ. ಬಂದ 360 ಯೂನಿಟ್‌ಗಳೂ ನಿಮ್ಮ ಬಳಕೆಯಲ್ಲೇ ವಜಾ ಆದರೆ, ಯೂನಿಟ್ಟಿಗೆ ಆರು ರೂಪಾಯಿಯಂತೆ ವರ್ಷಕ್ಕೆ ಇಪ್ಪತ್ತೈದು ಸಾವಿರ ಮೀರಿ ಉಳಿದು, ಐದು ವರ್ಷದೊಳಗೆ ಹಣ ಹಿಂದಿರುಗುತ್ತದೆ. ಮನೆಯ ಬಳಕೆಯೇ ತಿಂಗಳಿಗೆ 150 ಯೂನಿಟ್ ಇದ್ದರೆ ಚಿತ್ರ ಬೇರೆ. ಹೆಚ್ಚುವರಿ ವಿದ್ಯುತ್ತನ್ನು ಎಸ್ಕಾಂ ಕೊಳ್ಳುವ ದರ ನೀವು ಕೊಡುವ ದರಕ್ಕಿಂತ ಕಡಿಮೆ. 2013ರಲ್ಲಿ ಆಯೋಗ ಸಹಾಯಧನ ಪಡೆಯದ ಚಾವಣಿ ಘಟಕಗಳಿಗೆ ಯೂನಿಟ್ಟಿಗೆ 9.56 ರೂಪಾಯಿ ನಿಗದಿ ಮಾಡಿತ್ತು. ಆ ದರದ ಆಸೆಗೆ ಮನೆಯ ಅಗತ್ಯಕ್ಕೆ ಮೀರಿದ ಘಟಕಗಳು ಎದ್ದವು; 2016ರಲ್ಲಿ ದರ ಇಳಿಯಿತು, ಆಮೇಲೂ ಇಳಿಯುತ್ತಲೇ ಬಂತು. ಫಲಕದ ಬೆಲೆ ಕುಸಿದಿದ್ದರಿಂದ ಇಳಿಕೆ ನ್ಯಾಯವೇ ಆಗಿತ್ತು. ಆದರೆ ಆ ಕಾಲದ ಕತೆಯನ್ನು ಕೇಳಿ ಇಂದಿಗೂ ‘ಮಾರಿ ಗಳಿಸಬಹುದು’ ಎಂದು ಲೆಕ್ಕ ಹಾಕುವವರಿದ್ದಾರೆ. ನಿಮ್ಮ ಬಳಕೆಗೆ ತಕ್ಕಷ್ಟೇ ಹಾಕಿಸಿಕೊಳ್ಳಿ ಎಂಬುದು ನನ್ನ ಖಚಿತವಾದ ಸಲಹೆ.

ಇನ್ನು ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿ. ಇದನ್ನು ರಾಜಕೀಯ ಬಿಟ್ಟು ಬರೀ ಲೆಕ್ಕವಾಗಿ ನೋಡೋಣ. 2023ರ ಆಗಸ್ಟ್‌ನಿಂದ ಬಿಲ್ಲಿನಲ್ಲಿ ಕಾಣಿಸಿಕೊಂಡ ಈ ಯೋಜನೆಯಲ್ಲಿ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತ ಪ್ರಮಾಣವನ್ನು ನಿಗದಿ ಮಾಡಲಾಯಿತು. ಬಾಡಿಗೆದಾರರನ್ನೂ ಒಳಗೊಂಡದ್ದು ಇದರ ದೊಡ್ಡ ಗುಣ. ಬೇರೆ ಯಾವ ಇಂಧನ ಸವಲತ್ತೂ ಅವರನ್ನು ಹೀಗೆ ತಲುಪಿರಲಿಲ್ಲ. ಆದರೆ ಉಳಿತಾಯದ ದೃಷ್ಟಿಯಿಂದ ಇದು ಎರಡು ವಿರುದ್ಧ ಕೆಲಸಗಳನ್ನು ಮಾಡುತ್ತದೆ. ಸರಾಸರಿ 120 ಯೂನಿಟ್ ಬಳಸುವ ಮನೆಗೆ 132 ಯೂನಿಟ್‌ವರೆಗೆ ಬಿಲ್ ಇಲ್ಲ. ಆ ಮನೆಯವರು ಫ್ಯಾನ್ ಬದಲಿಸಿ ಬಳಕೆಯನ್ನು ನೂರಕ್ಕೆ ಇಳಿಸಿದರೆ ಅವರ ಜೇಬಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಉಳಿಯುವುದು ಸರ್ಕಾರದ ಖಜಾನೆಗೆ. ಇನ್ನೊಂದು ಮನೆಗೆ 180 ಯೂನಿಟ್ ಉಚಿತ ಎಂದಿಟ್ಟುಕೊಳ್ಳಿ. ಅವರು 199 ಬಳಸಿದರೆ ಮೇಲಿನ 19 ಯೂನಿಟ್ಟಿಗೆ ಮಾತ್ರ ಹಣ. 201 ಬಳಸಿದರೆ ಪೂರ್ತಿ ಬಿಲ್ಲು. ಹೀಗೆ ಗಡಿಯಲ್ಲಿ ನಿಂತ ಮನೆಗೆ ಎರಡು ಯೂನಿಟ್ಟಿನ ಬೆಲೆ ಸಾವಿರ ರೂಪಾಯಿಗೂ ಮೀರುತ್ತದೆ, ಗಡಿಯ ಒಳಗಿರುವ ಮನೆಗೆ ಮೂವತ್ತು ಯೂನಿಟ್ಟಿನ ಬೆಲೆ ಸೊನ್ನೆ. ಇದರ ಜೊತೆಗೆ 2024ರ ಏಪ್ರಿಲ್‌ನಿಂದ ಗೃಹ ಬಳಕೆಯ ಹಂತವಾರು ದರ ಹೋಗಿ ಎಲ್ಲ ಯೂನಿಟ್ಟಿಗೂ 5.90 ರೂಪಾಯಿಯ ಒಂದೇ ದರ ಬಂತು. ಹೆಚ್ಚು ಬಳಸಿದವರಿಗೆ ಹೆಚ್ಚು ದರ ಎಂಬ ಹಳೆಯ ಎಚ್ಚರಿಕೆಯೂ ಅಲ್ಲಿಗೆ ಮುಗಿಯಿತು. ಚಾವಣಿ ಸೌರ ಘಟಕಗಳಲ್ಲಿ ಗುಜರಾತ್, ಮಹಾರಾಷ್ಟ್ರಗಳು ಮುಂದಿದ್ದು ನಾವು ಹಿಂದೆ ಉಳಿದಿರುವುದಕ್ಕೆ ಹಲವು ಕಾರಣಗಳಿರಬಹುದು. ಶೂನ್ಯ ಬಿಲ್ಲು ಬರುವ ಮನೆಗೆ ಫಲಕದಿಂದ ಆಗುವ ಲಾಭವನ್ನು ವಿವರಿಸುವುದು ಕಷ್ಟ ಎಂಬುದೂ ಅವುಗಳಲ್ಲಿ ಒಂದು.

ಇಲ್ಲಿ ನಿಮ್ಮ ಮುಂದೆ ಒಂದು ಲೆಕ್ಕ ಇಡುತ್ತೇನೆ, ದಯವಿಟ್ಟು ಮನೆಗೆ ಹೋಗಿ ನಿಮ್ಮ ಸಂಖ್ಯೆಗಳನ್ನು ಹಾಕಿ ನೋಡಿ. ನಾಲ್ಕು ಸಾಮಾನ್ಯ ಸೀಲಿಂಗ್ ಫ್ಯಾನ್‌ಗಳು, ತಲಾ 75 ವ್ಯಾಟ್, ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 108 ಯೂನಿಟ್. ಅವುಗಳ ಜಾಗದಲ್ಲಿ ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗಳು (ಕಡಿಮೆ ವಿದ್ಯುತ್ ಬಳಸುವ ಮೋಟಾರಿನವು) ಬಂದರೆ 43 ಯೂನಿಟ್. ಉಳಿತಾಯ 65. ನಾಲ್ಕು ಫ್ಯಾನ್‌ಗೆ ತಲಾ ಮೂರು ಸಾವಿರದಂತೆ ಹನ್ನೆರಡು ಸಾವಿರ ರೂಪಾಯಿ. ಅದೇ 65 ಯೂನಿಟ್‌ಗಳನ್ನು ತಾರಸಿಯ ಮೇಲೆ ಉತ್ಪಾದಿಸಲು ಅರ್ಧ ಕಿಲೋವ್ಯಾಟ್‌ಗಿಂತ ತುಸು ಹೆಚ್ಚಿನ ಫಲಕ ಬೇಕು, ಮತ್ತು ಅದಕ್ಕೆ ಕೇಂದ್ರ ಸರ್ಕಾರ ಕೊಡುವ ಸಹಾಯಧನವೊಂದೇ ಹದಿನಾರು ಸಾವಿರ ರೂಪಾಯಿ ಆಗುತ್ತದೆ. ಅಂದರೆ ಉತ್ಪಾದನೆಗೆ ಸರ್ಕಾರ ಕೊಡುವ ನೆರವು ಉಳಿತಾಯದ ಪೂರ್ತಿ ಖರ್ಚಿಗಿಂತ ದೊಡ್ಡದು. ನ್ಯಾಯವಾಗಿ ಹೇಳಬೇಕೆಂದರೆ ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ, ಫ್ಯಾನ್ ಅಷ್ಟು ಬಾಳುವುದಿಲ್ಲ. ಆ ಅವಧಿಯಲ್ಲಿ ಎರಡು-ಮೂರು ಬಾರಿ ಬದಲಿಸಬೇಕಾದೀತು. ಆದರೆ ಫ್ಯಾನ್ ಹೇಗಿದ್ದರೂ ಕೊಳ್ಳಲೇಬೇಕಾದ ವಸ್ತು, ಇಲ್ಲಿ ಹೆಚ್ಚುವರಿ ಖರ್ಚು ಸಾಮಾನ್ಯ ಫ್ಯಾನ್‌ಗೂ ಇದಕ್ಕೂ ಇರುವ ಬೆಲೆಯ ವ್ಯತ್ಯಾಸ ಮಾತ್ರ. ಉಪಕರಣ ಸುಧಾರಿಸಿದ ಮೇಲೆ ಉಳಿದ ಬಳಕೆಗೆ ತಕ್ಕಂತೆ ಫಲಕ ಹಾಕಿದರೆ ಘಟಕವೂ ಚಿಕ್ಕದಾಗುತ್ತದೆ. ಸಹಾಯಧನದ ಏರ್ಪಾಡು ಈ ಕ್ರಮವನ್ನು ತಲೆಕೆಳಗು ಮಾಡಿ, ಕೊನೆಯದನ್ನು ಮೊದಲು ಮಾಡಿಸುತ್ತದೆ.

ತೆರಿಗೆಯ ಕಡೆ ಹೋದರೆ ಮನೆಯೊಡೆಯರಿಗೆ ಸಿಗುವುದು ಇನ್ನೂ ಕಡಿಮೆ. ಸ್ವಂತ ವಾಸದ ಮನೆಯ ದುರಸ್ತಿ, ನವೀಕರಣಕ್ಕೆ ಸಾಲ ಪಡೆದರೆ ಅದರ ಬಡ್ಡಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. 1961ರ ಕಾಯ್ದೆಯಲ್ಲಿ ಇದು 24(ಬಿ) ಪ್ರಕರಣ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಕಾಯ್ದೆಯಲ್ಲಿ ಪ್ರಕರಣಗಳ ಸಂಖ್ಯೆ ಬದಲಾಗಿದೆ. ಈ 30,000 ರೂಪಾಯಿ ಮನೆಸಾಲದ ಎರಡು ಲಕ್ಷದ ಮಿತಿಯ ಒಳಗೇ ಸೇರುತ್ತದೆ, ಹೊರಗಲ್ಲ. ಮುಖ್ಯವಾಗಿ, ಈ ಸೌಲಭ್ಯ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ತಾನಾಗಿಯೇ ಅನ್ವಯವಾಗುವ ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಇದಿಲ್ಲ. ಇಂಧನ ದಕ್ಷತೆಗೆಂದೇ ಇಟ್ಟ ಕಡಿತವೂ ಇದಲ್ಲ. ಬಚ್ಚಲಿಗೆ ಟೈಲ್ಸ್ ಹಾಕಿಸಿದರೂ ಸಿಗುತ್ತದೆ, ಚಾವಣಿಗೆ ಶಾಖನಿರೋಧಕ ಹಾಕಿಸಿದರೂ ಸಿಗುತ್ತದೆ.

ಬಾಡಿಗೆಗೆ ಕೊಟ್ಟ ಮನೆಯದು ಇನ್ನೊಂದು ವಿಚಿತ್ರ. ಬಾಡಿಗೆ ಆದಾಯದಿಂದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30ರಷ್ಟನ್ನು ನಿರ್ವಹಣೆಗೆಂದು ಕಾನೂನು ತಾನೇ ಬಿಟ್ಟುಕೊಡುತ್ತದೆ. ಮಾಲೀಕರು ಒಂದು ಬಲ್ಬೂ ಬದಲಿಸದಿದ್ದರೂ ಶೇ 30, ಇಡೀ ಮನೆಯನ್ನು ತಂಪಾಗಿಸಿದರೂ ಶೇ 30. ವಿದ್ಯುತ್ ಬಿಲ್ ಕಟ್ಟುವವರು ಬಾಡಿಗೆದಾರರು, ಗೋಡೆ, ಚಾವಣಿ, ಗೀಸರ್ ಮಾಲೀಕರದು. ಖರ್ಚು ಮಾಡಬೇಕಾದವರಿಗೆ ಉಳಿತಾಯ ಸೇರುವುದಿಲ್ಲ, ಉಳಿತಾಯ ಸೇರುವವರಿಗೆ ಖರ್ಚು ಮಾಡುವ ಹಕ್ಕಿಲ್ಲ. ಹನ್ನೊಂದು ತಿಂಗಳ ಕರಾರಿನಲ್ಲಿ ಇರುವವರು ಮೂರು ವರ್ಷದಲ್ಲಿ ಹಣ ಹಿಂದಿರುಗುವ ಫ್ಯಾನನ್ನು ಏಕೆ ಕೊಂಡಾರು? ಬೆಂಗಳೂರಿನಂತಹ ಬಾಡಿಗೆಯ ಊರಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ, ಮತ್ತು ನಮ್ಮ ಯಾವ ಸಹಾಯಧನವೂ ಇದನ್ನು ಮುಟ್ಟಿಲ್ಲ.

ವ್ಯಾಪಾರಸ್ಥರ ಸ್ಥಿತಿ ಉತ್ತಮ. ವಸತಿಗೃಹ, ಕಲ್ಯಾಣಮಂಟಪ, ಕಾರ್ಖಾನೆ ನಡೆಸುವವರು ಸೌರ ಘಟಕಕ್ಕೆ ಶೇ 40ರ ಸವಕಳಿ, ಅಂದರೆ ಉಪಕರಣದ ಬೆಲೆಯಲ್ಲಿ ವರ್ಷವರ್ಷವೂ ಆದಾಯದಿಂದ ಕಳೆಯಬಹುದಾದ ಪಾಲು, ತೋರಿಸಬಹುದು; 2017ರ ಮಾರ್ಚ್‌ವರೆಗೆ ಇದು ಶೇ 80 ಇತ್ತು. ಹತ್ತು ಲಕ್ಷದ ಘಟಕಕ್ಕೆ ಮೊದಲ ವರ್ಷವೇ ನಾಲ್ಕು ಲಕ್ಷ ಕಳೆದರೆ, ಶೇ 30ರ ಹಂತದಲ್ಲಿರುವವರಿಗೆ ಆ ವರ್ಷದ ತೆರಿಗೆ 1.2 ಲಕ್ಷ ಇಳಿಯುತ್ತದೆ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಆದ್ದರಿಂದ ಘಟಕವನ್ನು ಸೆಪ್ಟೆಂಬರ್ ಕೊನೆಯೊಳಗೆ ಚಾಲೂ ಮಾಡುವುದು ಜಾಣತನ. ಮನೆಯವರಿಗೆ ಸವಕಳಿ ಇಲ್ಲ, ವ್ಯಾಪಾರಸ್ಥರಿಗೆ ಸೂರ್ಯ ಘರ್ ಸಹಾಯಧನ ಇಲ್ಲ. ಈ ಹಂಚಿಕೆ ನನಗೆ ಸರಿಯೆಂದೇ ತೋರುತ್ತದೆ.

ಜಿಎಸ್‌ಟಿಯ ಬಗ್ಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. ಅದೇ ದಿನ ಏರ್ ಕಂಡಿಷನರ್ ತೆರಿಗೆ ಶೇ 28ರಿಂದ 18ಕ್ಕೆ ಬಂತು. ಒಂದು ನಕ್ಷತ್ರದ ಎಸಿಗೂ ಐದು ನಕ್ಷತ್ರದ ಎಸಿಗೂ ಒಂದೇ ದರ. ಎಲ್ಇಡಿ ದೀಪಗಳ ಮೇಲಿನ ತೆರಿಗೆಯನ್ನು 2022ರ ಜುಲೈನಲ್ಲಿ ಶೇ 12ರಿಂದ 18ಕ್ಕೆ ಏರಿಸಲಾಗಿತ್ತು. ಇಂಧನ ದಕ್ಷತಾ ಬ್ಯೂರೊ ಕಷ್ಟಪಟ್ಟು ಅಂಟಿಸುವ ನಕ್ಷತ್ರಗಳನ್ನು ತೆರಿಗೆ ಇಲಾಖೆ ಎಣಿಸುವುದೇ ಇಲ್ಲ. ಸ್ಥಳೀಯ ಸಂಸ್ಥೆಗಳು ಮನಸ್ಸು ಮಾಡಿದರೆ ಆಸ್ತಿ ತೆರಿಗೆಯಲ್ಲಿ ದಾರಿಯಿದೆ. ಪುಣೆ ಮಹಾನಗರಪಾಲಿಕೆ ಸೌರಶಕ್ತಿ, ಮಳೆನೀರು ಸಂಗ್ರಹ, ಎರೆಗೊಬ್ಬರ ಇವುಗಳಲ್ಲಿ ಒಂದನ್ನು ಮಾಡಿದ ಮನೆಗಳಿಗೆ ಶೇ 5, ಎರಡಾದರೆ ಶೇ 10 ರಿಯಾಯಿತಿಯನ್ನು ಕೊಟ್ಟಿದೆ. ಬೆಂಗಳೂರಿನವರಿಗೆ ಆಸ್ತಿ ತೆರಿಗೆಯ ಶೇ 5 ರಿಯಾಯಿತಿ ಎಂದರೆ ಬೇಗ ಕಟ್ಟಿದವರಿಗೆ ಸಿಗುವ ಬಹುಮಾನ ಎಂದಷ್ಟೇ ಗೊತ್ತು. ಚಾವಣಿಯ ವಿಷಯದಲ್ಲಿ ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿಯನ್ನೇ ತಂದು, ದೊಡ್ಡ ನಿವೇಶನದ ಹೊಸ ಮನೆಗಳಿಗೆ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವ ಚಾವಣಿಯನ್ನು ಕಡ್ಡಾಯ ಮಾಡಿತು. ಏಪ್ರಿಲ್‌ನ ರಾತ್ರಿ ಹನ್ನೊಂದಕ್ಕೂ ಕಾದೇ ಇರುವ ಆರ್‌ಸಿಸಿ ಚಾವಣಿಯ ಕೆಳಗೆ ಮಲಗುವ ಕಲಬುರಗಿ, ರಾಯಚೂರಿನವರಿಗೆ ಬಿಳಿ ಬಣ್ಣದ ಒಂದು ಲೇಪ ಎಷ್ಟು ಮುಖ್ಯವೆಂದು ನಾನು ಹೇಳಬೇಕಾಗಿಲ್ಲ.

ಹಾಗಾದರೆ ಉಳಿತಾಯಕ್ಕೂ ಧಾರಾಳವಾಗಿ ಹಣ ಸುರಿದರೆ ಸರಿಹೋಗುತ್ತದೆಯೇ? ಇಟಲಿ ಸುರಿದು ನೋಡಿತು. 2020ರಲ್ಲಿ ಅಲ್ಲಿನ ಸರ್ಕಾರ ಮನೆಗಳ ಇಂಧನ ಸುಧಾರಣೆಗೆ ಆದ ಖರ್ಚಿನ ಶೇ 110ರಷ್ಟನ್ನು ತೆರಿಗೆಯಲ್ಲಿ ವಜಾ ಮಾಡಿಕೊಳ್ಳಲು ಬಿಟ್ಟಿತು. ತೆರಿಗೆ ಅಷ್ಟು ಬಾರದವರು ಆ ಹಕ್ಕನ್ನು ಬ್ಯಾಂಕಿಗೋ ಗುತ್ತಿಗೆದಾರನಿಗೋ ವರ್ಗಾಯಿಸಬಹುದಿತ್ತು. ಖರ್ಚಿಗಿಂತ ಹೆಚ್ಚು ಹಿಂದಿರುಗುವಾಗ ಬೆಲೆಯ ಬಗ್ಗೆ ಚೌಕಾಸಿ ಮಾಡುವವರು ಯಾರು? ಕೆಲಸದ ದರಗಳು ಏರಿದವು, ನಡೆಯದ ಕಾಮಗಾರಿಗಳ ಸುಳ್ಳು ಬಿಲ್ಲುಗಳು ಬಂದವು, ಖಜಾನೆಯ ಹೊರೆ ನೂರು ಶತಕೋಟಿ ಯೂರೊ ದಾಟಿತು. ಸುಧಾರಣೆಯಾದದ್ದು ಸುಮಾರು ಐದು ಲಕ್ಷ ಕಟ್ಟಡಗಳು. 2023ರ ಫೆಬ್ರವರಿಯಲ್ಲಿ ವರ್ಗಾವಣೆಯನ್ನು ನಿಲ್ಲಿಸಿ, ಆಮೇಲೆ ಪ್ರಮಾಣವನ್ನು ಶೇ 70ಕ್ಕೆ, 65ಕ್ಕೆ ಇಳಿಸಿದರು. ಬ್ರಿಟನ್ ಇದರ ತದ್ವಿರುದ್ಧ ತಪ್ಪು ಮಾಡಿತು. 2020ರ ಸೆಪ್ಟೆಂಬರ್‌ನಲ್ಲಿ ಆರು ಲಕ್ಷ ಮನೆಗಳ ಇಂಧನ ಸುಧಾರಣೆಗೆಂದು ಇಂಗ್ಲೆಂಡಿನಲ್ಲಿ ತೆರೆದ ವೋಚರ್ ಯೋಜನೆಯನ್ನು ಆರೇ ತಿಂಗಳಲ್ಲಿ ಮುಚ್ಚಿದರು. ಅಲ್ಲಿನ ಲೆಕ್ಕಪರಿಶೋಧನಾ ಕಚೇರಿಯ ಅಂದಾಜಿನಂತೆ ಪ್ರಯೋಜನ ಪಡೆಯುವ ಮನೆಗಳು 47,500 ಮಾತ್ರ. ಅಷ್ಟು ಕಡಿಮೆ ಅವಧಿಗೆ ನುರಿತ ಕೆಲಸಗಾರರನ್ನು ತಯಾರು ಮಾಡಲು ಯಾವ ಗುತ್ತಿಗೆದಾರನೂ ಹಣ ಹಾಕುವುದಿಲ್ಲ.

ಅಮೆರಿಕದಲ್ಲಿರುವ ಮಗನ ಮನೆಯ ಬಗ್ಗೆ ಸಭಿಕರೊಬ್ಬರು ಕೇಳಿದರು. ಅಲ್ಲಿ ಸೌರ ಫಲಕದ ಖರ್ಚಿಗೂ, ಕಿಟಕಿ, ಶಾಖನಿರೋಧಕ, ಹೀಟ್ ಪಂಪ್‌ಗಳಿಗೂ ಇದ್ದ ಶೇ 30ರ ಒಕ್ಕೂಟ ತೆರಿಗೆ ವಜಾ 2025ರ ಡಿಸೆಂಬರ್ 31ರ ನಂತರದ ಖರ್ಚಿಗೆ ಸಿಗದಂತೆ ಆ ವರ್ಷದ ಜುಲೈನಲ್ಲಿ ಕಾನೂನಾಯಿತು. ಅದಕ್ಕೆ ಮೊದಲು ಕೆಲಸ ಮುಗಿಸಿದವರು ರಸೀದಿಗಳನ್ನು ಜೋಪಾನ ಮಾಡಲಿ. ಆದಾಯಕ್ಕೆ ತಕ್ಕಂತೆ ರಾಜ್ಯಗಳ ಮೂಲಕ ಸಿಗುವ ರಿಬೇಟ್‌ಗಳು ಬೇರೆ, ಅವನ್ನು ಆಯಾ ರಾಜ್ಯದಲ್ಲೇ ವಿಚಾರಿಸಬೇಕು.

ನಮ್ಮ ದೇಶದಲ್ಲಿ ಮನೆಬಳಕೆಯ ದಕ್ಷತೆಯ ಅತಿ ದೊಡ್ಡ ಯಶಸ್ಸು ಸಹಾಯಧನದಿಂದ ಬಂದದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ, ನಮ್ಮಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂದ ಯೋಜನೆ, ಎಲ್ಇಡಿ ಬಲ್ಬುಗಳನ್ನು ಕೋಟಿಗಟ್ಟಲೆ ಒಟ್ಟಿಗೆ ಕೊಂಡು ಬೆಲೆಯನ್ನೇ ಕುಸಿಯುವಂತೆ ಮಾಡಿತು. 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರ ಹೊತ್ತಿಗೆ 38ಕ್ಕೆ ಬಂತು. ಮೂವತ್ತಾರು ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ಕೆಲವು ರಾಜ್ಯಗಳಲ್ಲಿ ಹತ್ತು ರೂಪಾಯಿ ಕೊಟ್ಟು ಬಲ್ಬು ಒಯ್ದು, ಉಳಿದದ್ದನ್ನು ಕರೆಂಟ್ ಬಿಲ್ಲಿನಲ್ಲಿ ಕಂತಾಗಿ ಕಟ್ಟಬಹುದಿತ್ತು. ಫ್ಯಾನ್‌ಗೆ ಇದೇ ದಾರಿ ಸಾಧ್ಯವಿದೆ. ಎಸ್ಕಾಂ ಸಗಟಾಗಿ ಕೊಂಡು, ತಿಂಗಳಿಗೆ ನೂರು ರೂಪಾಯಿಯಂತೆ ಬಿಲ್ಲಿನಲ್ಲಿ ವಸೂಲಿ ಮಾಡಿದರೆ ಕಂತು ಮೀಟರಿಗೆ ಅಂಟಿಕೊಂಡಿರುತ್ತದೆ. ಬಾಡಿಗೆದಾರರು ಮನೆ ಬಿಟ್ಟರೆ ಫ್ಯಾನೂ ಕಂತೂ ಮುಂದಿನವರಿಗೆ ಹೋಗುತ್ತವೆ, ಮಾಲೀಕರ ಜೇಬಿಗೆ ಕೈ ಹಾಕಬೇಕಾಗಿಲ್ಲ. ಗೃಹಜ್ಯೋತಿ ಮನೆಗಳಿಗಂತೂ ಸರ್ಕಾರವೇ ಇದನ್ನು ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಆ ಮನೆಗಳಲ್ಲಿ ಉಳಿಯುವ ಪ್ರತಿ ಯೂನಿಟ್ಟಿನ ಹಣ ಸರ್ಕಾರದ್ದೇ. ತಿಂಗಳಿಗೆ 30 ಯೂನಿಟ್ ಉಳಿದರೆ ವರ್ಷಕ್ಕೆ ಎರಡು ಸಾವಿರ ರೂಪಾಯಿ. ಎರಡು ಫ್ಯಾನಿನ ಖರ್ಚು ಮೂರು ವರ್ಷದಲ್ಲಿ ಖಜಾನೆಗೆ ಮರಳುತ್ತದೆ.

ವಿದ್ಯುತ್ ದರ ಪರಿಷ್ಕರಣೆಯ ಅರ್ಜಿಗಳು ಬಂದಾಗ ಆಯೋಗ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ದರ ಏರಿಸಬೇಡಿ ಎಂದಷ್ಟೇ ಹೇಳಿ ಬರುತ್ತಾರೆ. ನಿಮ್ಮ ಸಂಘ ಮುಂದಿನ ಬಾರಿ ಲಿಖಿತವಾಗಿ ಎರಡು ವಿಷಯಗಳನ್ನು ಕೇಳಬಹುದು: ಸೋಲಾರ್ ಹೀಟರಿಗೆ ಬಿಲ್ಲಿನಲ್ಲಿ ಸಿಕ್ಕ ಜಾಗ ದಕ್ಷ ಫ್ಯಾನ್, ಪಂಪುಗಳಿಗೂ ಸಿಗಲಿ ಎಂದು, ಮತ್ತು ಗೃಹಜ್ಯೋತಿಯಲ್ಲಿ ಉಚಿತ ಪ್ರಮಾಣಕ್ಕಿಂತ ಕಡಿಮೆ ಬಳಸಿದವರಿಗೆ, ಬಳಸದೆ ಉಳಿಸಿದ ಯೂನಿಟ್ಟಿನ ಒಂದು ಪಾಲಾದರೂ ಹಣವಾಗಿ ಸಿಗುವಂತೆ ಸರ್ಕಾರಕ್ಕೆ ಆಯೋಗ ಸಲಹೆ ಮಾಡಲಿ ಎಂದು. ಅರ್ಜಿಯ ಜೊತೆಗೆ ನಿಮ್ಮ ಕಟ್ಟಡದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಲಗತ್ತಿಸಿ.